ಉಷ್ಣವಲಯದ ಆಳವಿಲ್ಲದ ಸಮುದ್ರಗಳ ಹಿನ್ನೆಲೆ ಶಬ್ದ

ನೀರೊಳಗಿನ ಹಿನ್ನೆಲೆ ಶಬ್ದ ಎಂದರೆ ಸಮುದ್ರದ ಒಂದು ಸ್ಥಳದಲ್ಲಿ ಸದಾ ತುಂಬಿಕೊಂಡಿರುವ ಒಟ್ಟು ಸದ್ದು. ಅಲೆ, ಗಾಳಿ, ಮಳೆ, ಜಲಚರಗಳು, ದೂರದ ಹಡಗುಗಳು ಮುಂತಾದ ಅನೇಕ ಮೂಲಗಳಿಂದ ಬಂದ ಧ್ವನಿಗಳು ಇದರಲ್ಲಿ ಬೆರೆತಿರುತ್ತವೆ. ಅಳೆಯುವ ಉಪಕರಣವೇ ಉಂಟುಮಾಡುವ ಸದ್ದನ್ನು ಇದರಲ್ಲಿ ಸೇರಿಸುವುದಿಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಬೆಚ್ಚನೆಯ ಸಮುದ್ರಗಳಲ್ಲಿ, ಮುಖ್ಯವಾಗಿ ಸುಮಾರು 200 ಮೀಟರ್ ಆಳದವರೆಗಿನ ಖಂಡಾವರಣ ಪ್ರದೇಶದಲ್ಲಿ, ಈ ಶಬ್ದದ ಸ್ವರೂಪವು ಆಳವಾದ ಸಾಗರದ ಶಬ್ದಕ್ಕಿಂತ ಬಹಳ ಭಿನ್ನವಾಗಿರುತ್ತದೆ. ಇಲ್ಲಿ ಜೀವಿಗಳ ಸದ್ದು ಪ್ರಧಾನವಾಗಿದ್ದು, ಸ್ಥಳದಿಂದ ಸ್ಥಳಕ್ಕೂ ಗಂಟೆಯಿಂದ ಗಂಟೆಗೂ ಬದಲಾಗುತ್ತದೆ. ಆದ್ದರಿಂದ ಬೇರೆ ಸಮುದ್ರಗಳಿಗಾಗಿ ರೂಪಿಸಿದ ಸರಾಸರಿ ಕೋಷ್ಟಕಗಳನ್ನು ಇಲ್ಲಿ ನೇರವಾಗಿ ಬಳಸಲು ಬರುವುದಿಲ್ಲ. ಆಯಾ ಸ್ಥಳದಲ್ಲಿಯೇ ದೀರ್ಘಕಾಲ ಅಳತೆ ಮಾಡಿ, ಕ್ರಮಬದ್ಧವಾಗಿ ದಾಖಲಿಸಬೇಕಾಗುತ್ತದೆ.

ನೀರಿನಲ್ಲಿ ಶಬ್ದ

ಸಮುದ್ರದ ನೀರಿನಲ್ಲಿ ಬೆಳಕು ಬಹು ಬೇಗ ಹೀರಲ್ಪಡುತ್ತದೆ. ಶಬ್ದವು ಬಹುದೂರ ಸಾಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆಗಿದ್ದರೆ, ಸಮುದ್ರದ ನೀರಿನಲ್ಲಿ ಅದು ಸುಮಾರು 1,500 ಮೀಟರ್. ನೀರಿನ ಉಷ್ಣತೆ, ಲವಣಾಂಶ ಮತ್ತು ಒತ್ತಡ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಮೀನು, ತಿಮಿಂಗಿಲ, ಡಾಲ್ಫಿನ್ ಮೊದಲಾದ ಜೀವಿಗಳು ದಾರಿ, ಆಹಾರ ಮತ್ತು ಸಂಗಾತಿಯನ್ನು ಹುಡುಕಲು ಕಣ್ಣಿಗಿಂತ ಕಿವಿಯನ್ನು ಹೆಚ್ಚು ಅವಲಂಬಿಸಲು ಇದೇ ಕಾರಣ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಸಹ ಇದೇ ತತ್ವವನ್ನು ಆಧರಿಸಿದೆ.

ಶಬ್ದದ ಮಟ್ಟವನ್ನು ಡೆಸಿಬೆಲ್‌ನಲ್ಲಿ ಹೇಳುವುದು ರೂಢಿ. ಡೆಸಿಬೆಲ್ ಒಂದು ಹೋಲಿಕೆಯ ಮಾನ. ಗಾಳಿಯಲ್ಲಿ 20 ಮೈಕ್ರೋಪಾಸ್ಕಲ್ ಒತ್ತಡವನ್ನೂ ನೀರಿನಲ್ಲಿ 1 ಮೈಕ್ರೋಪಾಸ್ಕಲ್ ಒತ್ತಡವನ್ನೂ ಹೋಲಿಕೆಯ ಆಧಾರವಾಗಿ ಇಟ್ಟುಕೊಳ್ಳಲಾಗುತ್ತದೆ. ಆಧಾರದ ವ್ಯತ್ಯಾಸದ ಜೊತೆಗೆ ಎರಡು ಮಾಧ್ಯಮಗಳ ಸಾಂದ್ರತೆ ಮತ್ತು ಶಬ್ದವೇಗಗಳ ವ್ಯತ್ಯಾಸವೂ ಸೇರುವುದರಿಂದ, ಒಂದೇ ತೀವ್ರತೆಯ ಶಬ್ದಕ್ಕೆ ನೀರಿನಲ್ಲಿ ಬರುವ ಸಂಖ್ಯೆ ಗಾಳಿಯ ಸಂಖ್ಯೆಗಿಂತ ಸುಮಾರು 62 ಡೆಸಿಬೆಲ್ ಹೆಚ್ಚಾಗಿರುತ್ತದೆ. ಹೀಗಾಗಿ ನೀರಿನೊಳಗಿನ 160 ಡೆಸಿಬೆಲ್ ಅನ್ನು ರಸ್ತೆಯ ಅಥವಾ ವಿಮಾನದ ಡೆಸಿಬೆಲ್ ಜೊತೆ ನೇರವಾಗಿ ಹೋಲಿಸುವುದು ತಪ್ಪಾಗುತ್ತದೆ.

ಅಧ್ಯಯನದ ಇತಿಹಾಸ

ನೀರಿಗೆ ಕಿವಿಗೊಡುವ ಪದ್ಧತಿ ವಿಜ್ಞಾನಕ್ಕಿಂತ ಹಳೆಯದು. ಮಲಯ ಪರ್ಯಾಯ ದ್ವೀಪದ ಪೂರ್ವ ಕರಾವಳಿಯಲ್ಲಿ, ನೀರಿಗಿಳಿದು ಸದ್ದನ್ನು ಆಲಿಸಿ ಮೀನಿನ ಹಿಂಡು ಎಲ್ಲಿದೆ, ಯಾವ ಜಾತಿಯದು ಎಂದು ಹೇಳಬಲ್ಲ ಅನುಭವಿ ಮೀನುಗಾರರಿದ್ದರು.

ಉಪಕರಣಗಳ ನೆರವಿನ ವ್ಯವಸ್ಥಿತ ಅಳತೆಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ವೇಗ ಪಡೆದವು. ಜಲಾಂತರ್ಗಾಮಿಗಳ ಸದ್ದನ್ನು ಹುಡುಕುತ್ತಿದ್ದವರಿಗೆ ಕ್ಯಾಲಿಫೋರ್ನಿಯಾದ ಕರಾವಳಿಯ ಕೆಲವೆಡೆ ನಿಲ್ಲದ ಚಟಪಟ ಸದ್ದು ಅಡ್ಡಿಯಾಗುತ್ತಿತ್ತು. ಅದರ ಮೂಲ ಒಂದು ಬಗೆಯ ಸಣ್ಣ ಸೀಗಡಿ ಎಂಬುದನ್ನು ಮಾರ್ಟಿನ್ ಜಾನ್ಸನ್, ಆಲ್ಟನ್ ಎವರೆಸ್ಟ್ ಮತ್ತು ರಾಬರ್ಟ್ ಯಂಗ್ ಅವರು 1947ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದರು. 1948ರಲ್ಲಿ ವರ್ನ್ ನುಡ್ಸನ್ ಮತ್ತು ಸಹೋದ್ಯೋಗಿಗಳು ಯುದ್ಧಕಾಲದ ಅಳತೆಗಳನ್ನು ಒಟ್ಟುಗೂಡಿಸಿ, ಗಾಳಿ ಮತ್ತು ಅಲೆಗಳ ಪ್ರಮಾಣಕ್ಕೆ ತಕ್ಕಂತೆ ಶಬ್ದದ ಮಟ್ಟ ಹೇಗೆ ಏರುತ್ತದೆಂದು ತೋರಿಸುವ ವಕ್ರರೇಖೆಗಳನ್ನು ನೀಡಿದರು. 1962ರಲ್ಲಿ ಗಾರ್ಡನ್ ವೆನ್ಜ್ ಅವರು 1 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗಿನ ಶಬ್ದಮೂಲಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸಿದರು. ‘ವೆನ್ಜ್ ವಕ್ರರೇಖೆಗಳು’ ಎಂಬ ಹೆಸರಿನ ಈ ನಕ್ಷೆ ಇಂದಿಗೂ ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿದೆ.

ಉಷ್ಣವಲಯದ ಸಮುದ್ರಗಳು ಈ ಚೌಕಟ್ಟಿಗೆ ಪೂರ್ತಿಯಾಗಿ ಹೊಂದುವುದಿಲ್ಲ ಎಂಬುದು ನಂತರದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಆಸ್ಟ್ರೇಲಿಯಾದ ಡಗ್ಲಾಸ್ ಕ್ಯಾಟೊ ಅವರು 1976 ಮತ್ತು 1978ರಲ್ಲಿ ಪ್ರಕಟಿಸಿದ ಲೇಖನಗಳು ಆಸ್ಟ್ರೇಲಿಯಾದ ಸುತ್ತಲಿನ ಸಮುದ್ರದ ಶಬ್ದಮಟ್ಟಗಳನ್ನೂ, ಉಷ್ಣವಲಯದ ನೀರಿನಲ್ಲಿ ಕೇಳಿಬರುವ ಜೀವಿಗಳ ಸಾಮೂಹಿಕ ಕೂಗುಗಳನ್ನೂ ವಿವರಿಸಿದವು.

ಆಳವಿಲ್ಲದ ನೀರಿನ ವಿಶೇಷತೆ

ಆಳ ಸಾಗರದಲ್ಲಿ ಕಡಿಮೆ ಆವೃತ್ತಿಯ ಶಬ್ದ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ಅಲ್ಲಿನ ಹಿನ್ನೆಲೆ ಶಬ್ದದಲ್ಲಿ ದೂರದೂರದ ಹಡಗುಗಳ ಗುಂಯ್‌ಗುಡುವಿಕೆ ಸದಾ ಇರುತ್ತದೆ. ಆಳವಿಲ್ಲದ ನೀರಿನಲ್ಲಿ ಹಾಗಲ್ಲ. ಅಲ್ಲಿ ಶಬ್ದವು ಮೇಲ್ಮೈ ಮತ್ತು ತಳಗಳ ನಡುವೆ ಮತ್ತೆ ಮತ್ತೆ ಪ್ರತಿಫಲಿಸುತ್ತ ಸಾಗುತ್ತದೆ. ಪ್ರತಿ ಸಲ ತಳವನ್ನು ಮುಟ್ಟಿದಾಗಲೂ ಅದರ ಸ್ವಲ್ಪ ಅಂಶ ಕೆಸರಿನಲ್ಲಿ ಅಥವಾ ಮರಳಿನಲ್ಲಿ ಇಂಗಿಹೋಗುತ್ತದೆ.

ನೀರಿನ ಆಳಕ್ಕೆ ಹೋಲಿಸಿದರೆ ಬಹಳ ಉದ್ದವಾದ ತರಂಗಗಳು ಅಲ್ಲಿ ಸಾಗಲಾರವು. ಇದರಿಂದ ಪ್ರತಿಯೊಂದು ಆಳಕ್ಕೂ ಒಂದು ಕನಿಷ್ಠ ಆವೃತ್ತಿಯ ಮಿತಿ ಏರ್ಪಡುತ್ತದೆ. ತಳದ ಮರಳಿನಲ್ಲಿ ಶಬ್ದವೇಗ ಸೆಕೆಂಡಿಗೆ 1,700 ಮೀಟರ್ ಎಂದಿಟ್ಟುಕೊಂಡರೆ, 10 ಮೀಟರ್ ಆಳದ ನೀರಿನಲ್ಲಿ ಈ ಮಿತಿ ಸುಮಾರು 80 ಹರ್ಟ್ಸ್, 50 ಮೀಟರ್ ಆಳದಲ್ಲಿ ಸುಮಾರು 16 ಹರ್ಟ್ಸ್. ಇದಕ್ಕಿಂತ ಕೆಳಗಿನ ಆವೃತ್ತಿಗಳು ಮೂಲದಿಂದ ಸ್ವಲ್ಪ ದೂರದಲ್ಲಿಯೇ ಕ್ಷೀಣಿಸುತ್ತವೆ.

ಈ ಲೆಕ್ಕಕ್ಕೆ ಆಡಳಿತದ ದೃಷ್ಟಿಯಿಂದಲೂ ಮಹತ್ವವಿದೆ. ಹಡಗುಗಳ ಶಬ್ದವನ್ನು ಗಮನಿಸಲು ಯುರೋಪಿಯನ್ ಕಮಿಷನ್ 2010ರಲ್ಲಿ 63 ಮತ್ತು 125 ಹರ್ಟ್ಸ್ ಕೇಂದ್ರಿತ ಪಟ್ಟಿಗಳನ್ನು ಸೂಚಕಗಳಾಗಿ ಆರಿಸಿತು. 10 ಮೀಟರ್ ಆಳದ ಉಷ್ಣವಲಯದ ಕೊಲ್ಲಿಯೊಂದರಲ್ಲಿ ಅದೇ 63 ಹರ್ಟ್ಸ್ ಪಟ್ಟಿಯನ್ನಷ್ಟೇ ಅಳೆದರೆ, ದೋಣಿಗಳಿಂದ ತುಂಬಿದ ನೀರು ಸಹ ನಿಶ್ಶಬ್ದವಾಗಿ ತೋರಬಹುದು. ಹೊರಜೋಡಣೆಯ ಎಂಜಿನ್ನಿನ ಸಣ್ಣ ದೋಣಿಗಳ ಸದ್ದು ಹೆಚ್ಚಾಗಿ ನೂರಾರು ಹರ್ಟ್ಸ್‌ನಿಂದ ಹಲವು ಕಿಲೋಹರ್ಟ್ಸ್‌ಗಳ ವ್ಯಾಪ್ತಿಯಲ್ಲಿರುತ್ತದೆ.

ಶಬ್ದದ ಮೂಲಗಳು

ಚಿಟಿಕೆ ಸೀಗಡಿ

ಆಳವಿಲ್ಲದ ಬೆಚ್ಚನೆಯ ಸಮುದ್ರದಲ್ಲಿ ಸುಮಾರು 2 ಕಿಲೋಹರ್ಟ್ಸ್‌ಗಿಂತ ಮೇಲಿನ ಶಬ್ದದ ಬಹುಪಾಲು ಆಲ್ಫೀಡೆ ಕುಟುಂಬದ ಸೀಗಡಿಗಳಿಂದ ಬರುತ್ತದೆ. ಕೆಲವೇ ಸೆಂಟಿಮೀಟರ್ ಉದ್ದದ ಈ ಜೀವಿಯ ಎರಡು ಕೊಂಡಿಗಳಲ್ಲಿ ಒಂದು ಮಿತಿಮೀರಿ ದೊಡ್ಡದಾಗಿರುತ್ತದೆ. ಅದನ್ನು ಥಟ್ಟನೆ ಮುಚ್ಚಿದಾಗ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದ ನೀರಿನ ಧಾರೆ ಚಿಮ್ಮುತ್ತದೆ. ಧಾರೆಯಲ್ಲಿ ಒತ್ತಡ ಕುಸಿದು ಆವಿಯ ಗುಳ್ಳೆಯೊಂದು ಹುಟ್ಟುತ್ತದೆ. ಮರುಕ್ಷಣವೇ ಅದು ಕುಸಿದು ಒಡೆಯುತ್ತದೆ. ಸದ್ದು ಕೊಂಡಿಗಳ ತಾಡನದಿಂದ ಬರುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಅದು ಗುಳ್ಳೆಯ ಕುಸಿತದಿಂದಲೇ ಬರುತ್ತದೆಂದು ಮೈಕೆಲ್ ವರ್ಸ್ಲೂಯಿಸ್ ಮತ್ತು ಸಂಗಡಿಗರು 2000ದಲ್ಲಿ ಅತಿವೇಗದ ಛಾಯಾಗ್ರಹಣದ ಮೂಲಕ ತೋರಿಸಿದರು.

ಒಂದು ಚಿಟಿಕೆಯ ಅವಧಿ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಒಂದು ಮೀಟರ್ ದೂರದಲ್ಲಿ ಅದರ ಶಿಖರದಿಂದ ಶಿಖರದ ಮಟ್ಟ 190 ಡೆಸಿಬೆಲ್‌ನ ಹತ್ತಿರ ಹೋಗಬಲ್ಲದು. ಶಬ್ದರೋಹಿತವು 200 ಕಿಲೋಹರ್ಟ್ಸ್‌ನ ಆಚೆಗೂ ಹಬ್ಬಿರುತ್ತದೆ. ಹವಳದ ದಿಬ್ಬ, ಕಲ್ಲಿನ ಸಂದು, ಸೇತುವೆ ಮತ್ತು ಧಕ್ಕೆಗಳ ಕಂಬಗಳಲ್ಲಿ ಸಾವಿರಾರು ಸೀಗಡಿಗಳು ಒಟ್ಟಿಗೆ ಚಿಟಿಕೆ ಹೊಡೆಯುವಾಗ, ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂತಹ ಎಡೆಬಿಡದ ಸದ್ದು ಕೇಳುತ್ತದೆ. ಇದು ಹಗಲಿರುಳೂ ಇರುತ್ತದಾದರೂ ಅನೇಕ ಸ್ಥಳಗಳಲ್ಲಿ ಮುಂಜಾವು ಮತ್ತು ಮುಸ್ಸಂಜೆಗಳಲ್ಲಿ ಹೆಚ್ಚುತ್ತದೆ.

ಮೀನುಗಳು ಮತ್ತು ಸಸ್ತನಿಗಳು

ಅನೇಕ ಮೀನುಗಳು ಈಜುಚೀಲದ ಗೋಡೆಯನ್ನು ಸ್ನಾಯುಗಳಿಂದ ಕಂಪಿಸಿ, ತಮಟೆಯಂತಹ ಸದ್ದು ಮಾಡುತ್ತವೆ. ಕರ್ನಾಟಕದ ಕರಾವಳಿಯ ಮಾರುಕಟ್ಟೆಗಳಲ್ಲಿ ಕಲ್ಲೂರು ಎಂಬ ಹೆಸರಿನಲ್ಲಿ ಮಾರಾಟವಾಗುವ ಮೀನುಗಳು ಸೇರಿರುವ ಸಿಯೇನಿಡೆ ಕುಟುಂಬ ಇದಕ್ಕೆ ಪ್ರಸಿದ್ಧ. ಇವುಗಳ ಸದ್ದು ಹೆಚ್ಚಾಗಿ 100 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್‌ನ ಒಳಗಿರುತ್ತದೆ. ಸೂರ್ಯಾಸ್ತದ ನಂತರ, ವಿಶೇಷವಾಗಿ ಮೊಟ್ಟೆಯಿಡುವ ಕಾಲದಲ್ಲಿ, ಹಿಂಡಿನ ಮೀನುಗಳು ಒಟ್ಟಾಗಿ ಕೂಗುವುದನ್ನು ಮೀನುಗಳ ಮೇಳ ಎನ್ನಬಹುದು. ಮೇಳ ನಡೆಯುವಾಗ ಅದೇ ಸ್ಥಳದ ಹಿನ್ನೆಲೆ ಶಬ್ದ ಹಲವು ಗಂಟೆಗಳ ಕಾಲ ಏರಿದ ಮಟ್ಟದಲ್ಲಿ ಉಳಿಯುತ್ತದೆ. ಕರಾವಳಿಗೆ ಹತ್ತಿರ ಬದುಕುವ ಡಾಲ್ಫಿನ್‌ಗಳ ಸಿಳ್ಳೆ ಮತ್ತು ಟಿಕ್‌ಟಿಕ್ ಸದ್ದುಗಳೂ ಆಗಾಗ್ಗೆ ದಾಖಲಾಗುತ್ತವೆ.

ಗಾಳಿ ಮತ್ತು ಮಳೆ

ಗಾಳಿಯಿಂದ ಅಲೆಗಳು ಮುರಿದಾಗ ಮೇಲ್ಮೈಯಲ್ಲಿ ಉಂಟಾಗುವ ಗುಳ್ಳೆಗಳು ಕೆಲವು ನೂರು ಹರ್ಟ್ಸ್‌ನಿಂದ ಹತ್ತಾರು ಕಿಲೋಹರ್ಟ್ಸ್‌ವರೆಗೆ ಶಬ್ದ ಮಾಡುತ್ತವೆ. ಮಳೆಯ ಸದ್ದಿಗೆ ತನ್ನದೇ ಗುರುತುಂಟು. ಸುಮಾರು ಒಂದು ಮಿಲಿಮೀಟರ್ ವ್ಯಾಸದ ತುಂತುರು ಹನಿಗಳು ನೀರಿಗೆ ಬಿದ್ದಾಗ ಸಿಕ್ಕಿಬೀಳುವ ಸಣ್ಣ ಗುಳ್ಳೆಗಳಿಂದ 15 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಶಿಖರವೊಂದು ಕಾಣುತ್ತದೆ. ಬಿರುಮಳೆಯ ದೊಡ್ಡ ಹನಿಗಳು ಇನ್ನೂ ಕಡಿಮೆ ಆವೃತ್ತಿಗಳಲ್ಲಿಯೂ ಸದ್ದು ಮಾಡುತ್ತವೆ. ಆದ್ದರಿಂದ ಹಿನ್ನೆಲೆ ಶಬ್ದವನ್ನು ವಿಶ್ಲೇಷಿಸಿ ಸಮುದ್ರದ ಮೇಲೆ ಬಿದ್ದ ಮಳೆಯ ಪ್ರಮಾಣವನ್ನು ಅಂದಾಜು ಮಾಡುವುದೂ ಸಾಧ್ಯ.

ಮಾನವ ಚಟುವಟಿಕೆಗಳು

ಹಡಗು, ಮೀನುಗಾರಿಕಾ ದೋಣಿ, ಬಂದರಿನ ಹೂಳೆತ್ತುವಿಕೆ, ಕಂಬಗಳನ್ನು ತಳಕ್ಕೆ ಬಡಿದು ಇಳಿಸುವ ಕಾಮಗಾರಿ, ಸೋನಾರ್ ಇವು ಮುಖ್ಯ ಮೂಲಗಳು. ಅಂತರರಾಷ್ಟ್ರೀಯ ಸಂಚಾರದ 300 ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು ತಮ್ಮ ಸ್ಥಾನವನ್ನು ಸ್ವಯಂಚಾಲಿತವಾಗಿ ಪ್ರಸಾರ ಮಾಡುವ ಉಪಕರಣ ಹೊಂದಿರಬೇಕೆಂಬ ನಿಯಮವಿದೆ. ಆ ಮಾಹಿತಿಯಿಂದ ಹಡಗಿನ ಸದ್ದನ್ನು ಗುರುತಿಸಬಹುದು. ಉಷ್ಣವಲಯದ ಕರಾವಳಿಗಳಲ್ಲಿ ಹೇರಳವಾಗಿರುವ ಸಣ್ಣ ದೋಣಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ, ಅವುಗಳ ಪಾಲನ್ನು ಧ್ವನಿಮುದ್ರಣದಿಂದಲೇ ಗುರುತಿಸಬೇಕಾಗುತ್ತದೆ.

ಅಳತೆಯ ವಿಧಾನ

ನೀರೊಳಗಿನ ಶಬ್ದವನ್ನು ಗ್ರಹಿಸುವ ಉಪಕರಣ ಹೈಡ್ರೋಫೋನ್. ಒತ್ತಡಕ್ಕೆ ಒಳಗಾದಾಗ ವಿದ್ಯುತ್ ಉಂಟುಮಾಡುವ ಪಿಂಗಾಣಿಯಂತಹ ವಸ್ತು ಅದರ ಹೃದಯಭಾಗ. ಎಷ್ಟು ಒತ್ತಡಕ್ಕೆ ಎಷ್ಟು ವೋಲ್ಟೇಜ್ ಬರುತ್ತದೆಂಬುದನ್ನು ನೀರಿಗಿಳಿಸುವ ಮೊದಲೂ ಮೇಲೆತ್ತಿದ ನಂತರವೂ ಪರೀಕ್ಷಿಸಬೇಕು. ಈ ಪರೀಕ್ಷೆಯಿಲ್ಲದ ಧ್ವನಿಮುದ್ರಣವನ್ನು ಕೇಳಿ ಜೀವಿಗಳನ್ನು ಗುರುತಿಸಬಹುದೇ ಹೊರತು, ಶಬ್ದದ ಮಟ್ಟವನ್ನು ಹೇಳಲಾಗದು.

ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೆಯೋ ಅದರ ಅರ್ಧದಷ್ಟು ಆವೃತ್ತಿಯವರೆಗೆ ಮಾತ್ರ ದಾಖಲೆ ದೊರೆಯುತ್ತದೆ. ಸೆಕೆಂಡಿಗೆ 96,000 ಸಲ ಅಳೆದರೆ 48 ಕಿಲೋಹರ್ಟ್ಸ್‌ವರೆಗಿನ ಶಬ್ದ ಸಿಗುತ್ತದೆ. ಪ್ರತಿ ಅಳತೆಗೆ 2 ಬೈಟ್‌ನಂತೆ ಇದು ದಿನಕ್ಕೆ ಸುಮಾರು 16.6 ಗಿಗಾಬೈಟ್ ಆಗುತ್ತದೆ. ಮೂವತ್ತು ದಿನಕ್ಕೆ ಸುಮಾರು 500 ಗಿಗಾಬೈಟ್. ಬ್ಯಾಟರಿ ಮತ್ತು ಸಂಗ್ರಹ ಸಾಮರ್ಥ್ಯ ಉಳಿಸಲು ಪ್ರತಿ ಅರ್ಧ ಗಂಟೆಗೆ ಐದು ನಿಮಿಷ ಮಾತ್ರ ಮುದ್ರಿಸುವ ಪದ್ಧತಿಯೂ ಇದೆ. ಇದರಿಂದ ದತ್ತಾಂಶ ಆರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ನಡುವೆ ಹಾದುಹೋದ ದೋಣಿ ದಾಖಲೆಯಿಂದ ತಪ್ಪಿಹೋಗಬಹುದು.

ಉಷ್ಣವಲಯದಲ್ಲಿ ಎದುರಾಗುವ ಕೆಲವು ತೊಡಕುಗಳು:

• ಬೆಚ್ಚನೆಯ ನೀರಿನಲ್ಲಿ ಪಾಚಿ ಮತ್ತು ಚಿಪ್ಪುಜೀವಿಗಳು ಉಪಕರಣದ ಮೇಲೆ ಬೇಗ ಬೆಳೆದು ಅದರ ಗ್ರಹಣಶಕ್ತಿಯನ್ನು ಬದಲಿಸುತ್ತವೆ.
• ಉಬ್ಬರವಿಳಿತದ ಸೆಳೆತವು ಹೈಡ್ರೋಫೋನಿನ ಸುತ್ತ ಸುಳಿಯೆಬ್ಬಿಸಿ ಕಡಿಮೆ ಆವೃತ್ತಿಯ ಸುಳ್ಳು ಶಬ್ದವನ್ನು ಸೇರಿಸುತ್ತದೆ.
• ಲಂಗರಿನ ಸರಪಳಿ, ತೇಲುಬುರುಡೆ ಮತ್ತು ಬಿಗಿದ ಹಗ್ಗಗಳು ಸ್ವತಃ ಸದ್ದು ಮಾಡುತ್ತವೆ. ಉಪಕರಣವನ್ನು ತಳದಲ್ಲಿ ಊರುವುದು ಇದಕ್ಕೆ ಪರಿಹಾರ.
• ಸಮೀಪದ ಸೀಗಡಿಯ ಚಿಟಿಕೆ ಉಪಕರಣದ ಮಿತಿಯನ್ನು ಮೀರಿದರೆ ತರಂಗದ ತುದಿ ಕತ್ತರಿಸಿಹೋಗುತ್ತದೆ.
• ಟ್ರಾಲ್ ಬಲೆಗಳಿಗೆ ಸಿಕ್ಕಿ ಉಪಕರಣ ಕಳೆದುಹೋಗುವ ಸಂಭವವಿದೆ.

ವಿಶ್ಲೇಷಣೆ

ಡೆಸಿಬೆಲ್ ಲಾಗರಿದಮ್ ಆಧಾರಿತ ಮಾನವಾದ್ದರಿಂದ ಅದನ್ನು ಸಾಮಾನ್ಯ ಸಂಖ್ಯೆಗಳಂತೆ ಕೂಡಿ ಭಾಗಿಸಲಾಗದು. ಸಮಾನ ಅವಧಿಯ 100 ಮತ್ತು 80 ಡೆಸಿಬೆಲ್‌ಗಳ ಶಕ್ತಿಯ ಸರಾಸರಿ 90 ಅಲ್ಲ, ಸುಮಾರು 97. ಅಂದರೆ ಕ್ಷಣಕಾಲದ ಗಟ್ಟಿ ಸದ್ದು ಸರಾಸರಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಚಿಟಿಕೆ ಸೀಗಡಿಗಳಿರುವ ನೀರಿನಲ್ಲಿ ಇದು ದೊಡ್ಡ ಸಮಸ್ಯೆ. ಆದ್ದರಿಂದ ಸರಾಸರಿಯ ಜೊತೆಗೆ, ಒಟ್ಟು ಅವಧಿಯ ಶೇ. 5, ಶೇ. 50 ಮತ್ತು ಶೇ. 95ರಷ್ಟು ಕಾಲ ಮೀರಿದ ಮಟ್ಟಗಳನ್ನೂ ಪ್ರತ್ಯೇಕವಾಗಿ ಕೊಡಲಾಗುತ್ತದೆ. ಯಾವ ಮಟ್ಟವನ್ನು, ಎಷ್ಟು ಸೆಕೆಂಡುಗಳ ತುಣುಕುಗಳಿಂದ, ಯಾವ ಆವೃತ್ತಿಯ ಪಟ್ಟಿಯಲ್ಲಿ ಲೆಕ್ಕ ಹಾಕಲಾಯಿತೆಂಬ ವಿವರವಿಲ್ಲದಿದ್ದರೆ ಎರಡು ವರದಿಗಳನ್ನು ಹೋಲಿಸಲು ಸಾಧ್ಯವಿಲ್ಲ. ಈ ಪರಿಭಾಷೆಯನ್ನು ಏಕರೂಪಗೊಳಿಸಲು 2017ರಲ್ಲಿ ಐಎಸ್‌ಒ 18405 ಎಂಬ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು.

ಪಟ್ಟೀಕರಣ

ಧ್ವನಿಮುದ್ರಣವೊಂದು ಮುಂದಿನ ಪೀಳಿಗೆಗೆ ಉಪಯುಕ್ತವಾಗಬೇಕಾದರೆ ಅದರ ಜೊತೆಗೆ ಕೆಳಗಿನ ವಿವರಗಳು ಇರಬೇಕು:

• ಅಕ್ಷಾಂಶ, ರೇಖಾಂಶ, ನೀರಿನ ಆಳ ಮತ್ತು ಹೈಡ್ರೋಫೋನಿನ ಆಳ
• ತಳದ ಸ್ವರೂಪ: ಮರಳು, ಕೆಸರು, ಬಂಡೆ ಅಥವಾ ಹವಳ
• ದಿನಾಂಕ, ಸ್ಥಳೀಯ ಮತ್ತು ಜಾಗತಿಕ ಸಮಯ, ಉಬ್ಬರವಿಳಿತ ಹಾಗೂ ಚಂದ್ರನ ತಿಥಿ
• ಗಾಳಿಯ ವೇಗ, ಮಳೆ, ನೀರಿನ ಉಷ್ಣತೆ
• ಹತ್ತಿರದ ಹಡಗು, ದೋಣಿ ಮತ್ತು ಕಾಮಗಾರಿಗಳ ಟಿಪ್ಪಣಿ
• ಉಪಕರಣದ ಸಂವೇದನೆ, ವರ್ಧನೆ, ಮಾದರಿ ದರ, ಪರೀಕ್ಷೆಯ ದಿನಾಂಕ

ಮೂಲ ತಿಳಿಯದ ಸದ್ದುಗಳಿಗೂ ಪಟ್ಟಿಯಲ್ಲಿ ಸಂಕೇತಸಂಖ್ಯೆ ಕೊಟ್ಟು ಉಳಿಸಿಕೊಳ್ಳಲಾಗುತ್ತದೆ. ಇಂದು ಗುರುತು ಸಿಗದ ಕೂಗು ಮುಂದೆ ಯಾವುದೋ ಮೀನಿನದೆಂದು ಖಚಿತವಾಗಬಹುದು. ಮೇರಿ ಪೋಲಂಡ್ ಫಿಶ್ ಮತ್ತು ವಿಲಿಯಂ ಮೌಬ್ರೇ ಅವರು 1970ರಲ್ಲಿ ಪ್ರಕಟಿಸಿದ, ಪಶ್ಚಿಮೋತ್ತರ ಅಟ್ಲಾಂಟಿಕ್‌ನ ಮೀನುಗಳ ಸದ್ದುಗಳನ್ನು ಕುರಿತ ಗ್ರಂಥವು ಇಂತಹ ಪಟ್ಟಿಗಳಿಗೆ ಮಾದರಿಯಾಯಿತು. ನೀರೊಳಗಿನ ಜೀವಿಗಳ ಸದ್ದುಗಳಿಗೆ ಒಂದು ಜಾಗತಿಕ ಭಂಡಾರ ಬೇಕೆಂಬ ಪ್ರಸ್ತಾಪವನ್ನು 2022ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಮುಂದಿಟ್ಟರು.

ಸಿಂಗಪುರದ ಅಧ್ಯಯನಗಳು

ಜಗತ್ತಿನ ಅತಿ ದಟ್ಟಣೆಯ ಹಡಗುಮಾರ್ಗಗಳಲ್ಲಿ ಒಂದು ಮತ್ತು ಸೀಗಡಿಗಳಿಂದ ತುಂಬಿದ ಆಳವಿಲ್ಲದ ನೀರು, ಎರಡೂ ಸಿಂಗಪುರದ ಸುತ್ತ ಒಟ್ಟಿಗಿವೆ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಶಬ್ದಸಂಶೋಧನಾ ಪ್ರಯೋಗಾಲಯದಲ್ಲಿ ಜಾನ್ ಪಾಟರ್, ಮಂದಾರ್ ಚಿತ್ರೆ ಮೊದಲಾದವರು 1990ರ ದಶಕದ ಉತ್ತರಾರ್ಧದಿಂದ ಇಲ್ಲಿನ ಶಬ್ದವನ್ನು ಅಧ್ಯಯನ ಮಾಡಿದರು. ಸಾಮಾನ್ಯ ಸೋನಾರ್ ಮತ್ತು ಸಂಪರ್ಕ ಸಾಧನಗಳ ವಿನ್ಯಾಸದಲ್ಲಿ ಹಿನ್ನೆಲೆ ಶಬ್ದವು ಗಾಸಿಯನ್ ವಿತರಣೆಯನ್ನು ಅನುಸರಿಸುತ್ತದೆಂದು ಭಾವಿಸಲಾಗುತ್ತದೆ. ಸೀಗಡಿಗಳ ನೀರಿನಲ್ಲಿ ಅತಿ ಗಟ್ಟಿಯಾದ ಸಿಡಿತಗಳು ಆ ಊಹೆಗಿಂತ ಬಹಳ ಹೆಚ್ಚು ಸಲ ಬರುತ್ತವೆ. ಈ ಲಕ್ಷಣವನ್ನು ಗಣನೆಗೆ ತೆಗೆದುಕೊಂಡ ವಿಧಾನಗಳು ದುರ್ಬಲ ಸಂಕೇತಗಳನ್ನು ಉತ್ತಮವಾಗಿ ಪತ್ತೆಮಾಡುತ್ತವೆಂದು ಚಿತ್ರೆ ಮತ್ತು ಸಹೋದ್ಯೋಗಿಗಳು 2006ರಲ್ಲಿ ತೋರಿಸಿದರು.

ಅಡ್ಡಿಯೆನಿಸಿದ ಶಬ್ದವನ್ನೇ ಉಪಯೋಗಿಸಿಕೊಳ್ಳುವ ಪ್ರಯತ್ನವೂ ನಡೆದಿದೆ. ಸೂರ್ಯನ ಬೆಳಕು ವಸ್ತುಗಳ ಮೇಲೆ ಬಿದ್ದು ಚದುರುವುದರಿಂದ ಅವು ಕಣ್ಣಿಗೆ ಕಾಣುವಂತೆ, ಹಿನ್ನೆಲೆ ಶಬ್ದವು ವಸ್ತುಗಳಿಂದ ಚದುರಿ ಬರುವುದನ್ನು ಗ್ರಹಿಸಿ ಚಿತ್ರ ರೂಪಿಸಬಹುದೆಂದು ಮೈಕೆಲ್ ಬಕಿಂಗ್‌ಹ್ಯಾಮ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಸಿಂಗಪುರದ ತಂಡ ರೋಮಾನಿಸ್ ಎಂಬ ಉಪಕರಣದ ಮೂಲಕ, ಸೀಗಡಿಗಳ ಸದ್ದನ್ನೇ ‘ಬೆಳಕಾಗಿ’ ಬಳಸಿ ಇಂತಹ ಚಿತ್ರಣವನ್ನು ಸಾಧಿಸಿತು.

ಭಾರತದ ಕರಾವಳಿಯಲ್ಲಿ

ಭಾರತದಲ್ಲಿ ಕೊಚ್ಚಿಯ ನೌಕಾ ಭೌತಿಕ ಮತ್ತು ಸಾಗರವಿಜ್ಞಾನ ಪ್ರಯೋಗಾಲಯ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ತು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡಿವೆ. 1994ರಲ್ಲಿ ಸೇವೆಗೆ ಸೇರಿದ ಸಾಗರಧ್ವನಿ ಎಂಬ ಸಂಶೋಧನಾ ನೌಕೆ ಕೊಚ್ಚಿಯ ಪ್ರಯೋಗಾಲಯದ ಬಳಕೆಯಲ್ಲಿದೆ. ಚೆನ್ನೈನ ಸಂಸ್ಥೆ ಬಂಗಾಳ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಗಾಳಿ ಮತ್ತು ಶಬ್ದಗಳ ಸಂಬಂಧವನ್ನು ಅಳೆದಿದೆ. ಗೋವಾದ ಗ್ರಾಂಡೆ ದ್ವೀಪದ ಹವಳ ಪರಿಸರದಲ್ಲಿ ಮೀನುಗಳ ಮೇಳಗಳು ದಾಖಲಾಗಿವೆ.

ಕರ್ನಾಟಕವೂ ಸೇರಿದಂತೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಎಂಜಿನ್‌ಗಳ ಸದ್ದು ತಗ್ಗುವ ಈ ಅವಧಿ ಹೋಲಿಕೆಗೆ ಸೂಕ್ತವೆಂದು ತೋರಬಹುದು. ಆದರೆ ಅದೇ ಸಮಯದಲ್ಲಿ ನೈಋತ್ಯ ಮುಂಗಾರಿನ ಗಾಳಿ, ಅಲೆ ಮತ್ತು ಮಳೆಯ ಸದ್ದು ಏರಿರುತ್ತದೆ. ಆದ್ದರಿಂದ ಒಟ್ಟು ಮಟ್ಟವನ್ನಷ್ಟೇ ನೋಡಿ ತೀರ್ಮಾನಿಸಲಾಗದು. ಆವೃತ್ತಿಗಳನ್ನು ಬೇರ್ಪಡಿಸಿ, ಹವಾಮಾನದ ದಾಖಲೆಯೊಂದಿಗೆ ಹಲವು ವರ್ಷ ಹೋಲಿಸಬೇಕಾಗುತ್ತದೆ.

ಮಹತ್ವ

ಹವಳದ ಮೀನುಗಳ ಮರಿಗಳು ತೆರೆದ ನೀರಿನಲ್ಲಿ ಬೆಳೆದು, ನೆಲೆಸಲು ಹವಳದ ದಿಬ್ಬವನ್ನು ಹುಡುಕುತ್ತವೆ. ದಿಬ್ಬದ ಸದ್ದು ಅವುಗಳನ್ನು ಆಕರ್ಷಿಸುತ್ತದೆಂದು ಸ್ಟೀಫನ್ ಸಿಂಪ್ಸನ್ ಮತ್ತು ಸಂಗಡಿಗರು 2005ರಲ್ಲಿ ಪ್ರಯೋಗದಿಂದ ತೋರಿಸಿದರು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016 ಮತ್ತು 2017ರಲ್ಲಿ ಹವಳಗಳು ವ್ಯಾಪಕವಾಗಿ ಬಿಳಿಚಿದವು. ಹಾಳಾದ ದಿಬ್ಬಗಳ ಸದ್ದು ಮೊದಲಿಗಿಂತ ಸರಾಸರಿ 15 ಡೆಸಿಬೆಲ್ ಕಡಿಮೆಯಾಗಿತ್ತೆಂದೂ, ಅದು ಮರಿಮೀನುಗಳನ್ನು ಹಿಂದಿನಷ್ಟು ಸೆಳೆಯುತ್ತಿರಲಿಲ್ಲವೆಂದೂ ಟಿಮ್ ಗಾರ್ಡನ್ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದರು. ಹಾನಿಗೆ ಮುಂಚಿನ ಧ್ವನಿಮುದ್ರಣಗಳು ಕಾಪಾಡಲ್ಪಟ್ಟಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಸತ್ತ ಹವಳದ ತುಣುಕುಗಳಿಂದ ಕಟ್ಟಿದ ಸಣ್ಣ ದಿಬ್ಬಗಳ ಬಳಿ ಆರೋಗ್ಯವಂತ ದಿಬ್ಬದ ಸದ್ದನ್ನು ಸುಮಾರು ಆರು ವಾರ ನುಡಿಸಿದಾಗ ಮೀನುಗಳ ಸಂಖ್ಯೆ ದುಪ್ಪಟ್ಟಾಯಿತೆಂದು ಇದೇ ತಂಡ 2019ರಲ್ಲಿ ಪ್ರಕಟಿಸಿತು.

ವಾಣಿಜ್ಯ ಹಡಗುಗಳ ನೀರೊಳಗಿನ ಶಬ್ದವನ್ನು ತಗ್ಗಿಸಲು ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿ, 2023ರಲ್ಲಿ ಅದನ್ನು ಪರಿಷ್ಕರಿಸಿತು. ಇದರ ಪಾಲನೆ ಕಡ್ಡಾಯವಲ್ಲ. ಬಂದರು ವಿಸ್ತರಣೆ, ಹಡಗುಮಾರ್ಗ ಬದಲಾವಣೆ ಅಥವಾ ಹವಳ ಸಂರಕ್ಷಣೆಯ ಕ್ರಮಗಳಿಂದ ಒಂದು ಕರಾವಳಿಯ ಶಬ್ದ ಎಷ್ಟು ಬದಲಾಯಿತೆಂದು ಹೇಳಲು, ಆ ಕ್ರಮಗಳಿಗೆ ಮುಂಚಿನ ದಾಖಲೆ ಅಗತ್ಯ. ಉಷ್ಣವಲಯದ ಆಳವಿಲ್ಲದ ನೀರಿನಲ್ಲಿ ಒಂದು ಕೊಲ್ಲಿಯ ಅಳತೆ ಪಕ್ಕದ ಕೊಲ್ಲಿಗೆ ಅನ್ವಯಿಸದಿರುವುದರಿಂದ, ಆ ದಾಖಲೆಯನ್ನು ಆಯಾ ಸ್ಥಳದಲ್ಲಿ, ಬದಲಾವಣೆಗೆ ಮೊದಲೇ ಮಾಡಿಡಬೇಕಾಗುತ್ತದೆ.